ಬೆಂಗಳೂರಿಗೆ ಎಷ್ಟು ತಾಸು?

ನಮ್ಮ ಬಸವಕಲ್ಯಾಣದಲ್ಲಿ ಯಾವ ಊರಿನ ದೂರ ಕೇಳಿದರೂ ಕಿಲೋಮೀಟರಿನಲ್ಲಿ ಉತ್ತರ ಸಿಗುವುದು ಕಡಿಮೆ. ಹುಮನಾಬಾದ್ ಮುಕ್ಕಾಲು ತಾಸು, ಬೀದರ ಎರಡು ತಾಸು, ಬೆಂಗಳೂರು ಒಂದು ರಾತ್ರಿ. 2020ರ ಫೆಬ್ರುವರಿಯಲ್ಲಿ ಬೀದರಿನಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. ನಡುವೆ ನಿಂತದ್ದೂ ಉಂಟು, ಮತ್ತೆ ಹಾರಿದ್ದೂ ಉಂಟು. “ಬೆಂಗಳೂರು ಈಗ ಬರೀ ಒಂದು ತಾಸು, ಮುತ್ಯಾ!” ಎಂದಳು ಮೊಮ್ಮಗಳು. ಲೆಕ್ಕ ಹಾಕಿಯೇ ನೋಡೋಣ ಎಂದೆ. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ತಾಳೆ ನೋಡಿದವನಿಗೆ ಬೇರೇನು ಬರುತ್ತದೆ?

ಮಕ್ಕಳೇ, ನೀವೂ ಅಟ್ಲಾಸ್ ತೆಗೆಯಿರಿ. ಬೀದರ, ಬೆಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಬೀದರ 18 ಡಿಗ್ರಿ ಅಕ್ಷಾಂಶದ ಹತ್ತಿರ, ಬೆಂಗಳೂರು 13ರ ಹತ್ತಿರ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಐದು ಡಿಗ್ರಿಗೆ 555. ರಸ್ತೆಯಲ್ಲಾದರೆ ಇದೇ ದೂರ 700ರ ಆಸುಪಾಸು. ಜೆಟ್ ವಿಮಾನದ ವೇಗ ತಾಸಿಗೆ 800 ಕಿ.ಮೀ. ಎಂದು ಹಿಡಿದರೆ 42 ನಿಮಿಷ. ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ; ಅದಕ್ಕೆ ಅರ್ಧ ತಾಸು ಕೂಡಿಸಿ. ಸುಮಾರು ಒಂದೂಕಾಲು ತಾಸು. ಮೊಮ್ಮಗಳ ಮಾತು ಪೂರ್ತಿ ಸುಳ್ಳಲ್ಲ.

ಇದೇ ಲೆಕ್ಕದಲ್ಲಿ ನಮ್ಮೂರಿನಿಂದ ಕಾಶ್ಮೀರದ ಶ್ರೀನಗರ ನೇರವಾಗಿ ಸುಮಾರು 1,800 ಕಿ.ಮೀ., ಎರಡೂ ಮುಕ್ಕಾಲು ತಾಸು. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಯ ಕವಿ ಬಿಲ್ಹಣ ಮನೆ ಬಿಟ್ಟು, ಮಥುರಾ, ಕನೌಜ್, ಪ್ರಯಾಗ, ಕಾಶಿ, ಸೋಮನಾಥ ಎಂದು ವರ್ಷಗಟ್ಟಲೆ ಅಲೆದು ದಕ್ಷಿಣಕ್ಕೆ ಬಂದ. ಕೊನೆಗೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ ‘ವಿಕ್ರಮಾಂಕದೇವಚರಿತ’ ಬರೆದ. ಅವನಿಗೆ ವಿಮಾನ ಸಿಕ್ಕಿದ್ದರೆ ಕಲ್ಯಾಣ ಕಾಣುತ್ತಲೇ ಇರಲಿಲ್ಲವೇನೋ!

ಆದರೆ ವಿಮಾನದ ವೇಳೆ ಬೇರೆ, ಪ್ರಯಾಣದ ವೇಳೆ ಬೇರೆ. ಮನೆಯಿಂದ ಬೀದರಿಗೆ ಬಸ್ಸಿನಲ್ಲಿ ಎರಡು ತಾಸು. ತಪಾಸಣೆಗೆಂದು ಮೊದಲೇ ಹೋಗಿ ಕೂಡುವುದು ಒಂದೂವರೆ. ಆಕಾಶದಲ್ಲಿ ಒಂದೂಕಾಲು. ಇಳಿದು ಚೀಲ ಸಿಗಲು ಅರ್ಧ. ದೇವನಹಳ್ಳಿಯಿಂದ ಬೆಂಗಳೂರಿನೊಳಗೆ ಮತ್ತೆ ಒಂದೂವರೆ. ಒಟ್ಟು ಆರೂ ಮುಕ್ಕಾಲು. ಆದರೂ ರಾತ್ರಿ ಬಸ್ಸಿಗಿಂತ ಎಷ್ಟೋ ಮೇಲು.

ಎಷ್ಟು ಮೇಲು ಎಂಬುದು ನನಗೆ ಗೊತ್ತು. 1979ರಲ್ಲಿ ನಾನು ಮೈಸೂರು ಕಡೆಯ ಶಾಖೆಯೊಂದರಲ್ಲಿದ್ದೆ. ಒಂದು ಸಂಜೆ ಟೆಲಿಗ್ರಾಂ ಬಂತು: ಅಪ್ಪನಿಗೆ ಜೋರು, ಕೂಡಲೇ ಹೊರಡು. ಬೆಂಗಳೂರಿಗೆ ಒಂದು ಬಸ್ಸು, ಅಲ್ಲಿಂದ ಆಗಿನ ಗುಲ್ಬರ್ಗಾಕ್ಕೆ ಇನ್ನೊಂದು, ಅಲ್ಲಿಂದ ಹುಮನಾಬಾದಿಗೆ ಮತ್ತೊಂದು. ಹುಮನಾಬಾದಿನಲ್ಲಿ ಇಳಿದಾಗ ಕಲ್ಯಾಣದ ಬಸ್ಸು ಆಗಷ್ಟೇ ಹೋಗಿತ್ತು. ಉಳಿದದ್ದು ಮೂವತ್ತು ಕಿ.ಮೀ. ಮಾತ್ರ. ಕಟ್ಟೆಯ ಮೇಲೆ ಎರಡು ತಾಸು ಕೂತೆ. ಮೈಸೂರಿನಿಂದ ಅಲ್ಲಿಯವರೆಗಿನ ದಾರಿಯೆಲ್ಲ ಸೇರಿದರೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು.

ಈಗ ಹುಮನಾಬಾದಿಗೆ 2017ರಿಂದ ರೈಲೂ ಇದೆ. ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ದಾಟಿ ಕಲ್ಯಾಣಕ್ಕೆ ಹೊರಳುವುದು ಕಾರಿನವರಿಗೆ ಆಟ. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. “ಒಂದೇ ತಾಸಿನ ದಾರಿ, ಬಂದೇಬಿಡ್ತೀನಿ” ಎಂದು ಫೋನ್ ಮಾಡುತ್ತಾನೆ. ಅವನ ಅವ್ವ ಮಾತ್ರ ವಿಮಾನದ ವಿಷಯ ಎತ್ತುವುದಿಲ್ಲ.

“ಅದೆಲ್ಲಾ ಇರ್ಲಿ ತಮ್ಮಾ, ಮನಿಗಿ ಎಷ್ಟಕ್ಕ ಬರ್ತಿ? ರೊಟ್ಟಿ ಬಡೀಬೇಕಲ್ಲ.”