31 ಅಂದರೆ ಕೆಂಪು

ತುಮಕೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ರಾತ್ರಿಯ ಬ್ಯಾಕಪ್ ಸರಿಯಾಗಿ ಆಗಿದೆಯಾ ಅಂತ ನೋಡೋಕೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಟರ್ಮಿನಲ್‌ನ ಕಪ್ಪು ಪರದೆ, ಬಿಳಿ ಅಕ್ಷರ ನೋಡಿ ನೋಡಿ ಬೇಜಾರಾಗಿತ್ತು. ಬಣ್ಣ ಹಾಕೋಣ ಅನ್ನಿಸಿತು. ಕಷ್ಟವೇನಿಲ್ಲ. ಪ್ರಿಂಟ್ ಮಾಡುವ ಸಾಲಿನ ಮುಂದೆ ಎಸ್ಕೇಪ್ ಅಕ್ಷರ, ಒಂದು ಚೌಕ ಆವರಣ, 31, ಸಣ್ಣ ಎಂ ಇಟ್ಟರೆ ಕೆಂಪು. 32 ಆದರೆ ಹಸಿರು. 1 ದಪ್ಪಕ್ಷರ, 4 ಅಡಿಗೆರೆ. 1978ರ ವಿಟಿ100 ಟರ್ಮಿನಲ್‌ಗೂ ಇದೇ ಥರದ ಸಂಕೇತ ಅರ್ಥವಾಗುತ್ತಿತ್ತು, ಬಣ್ಣ ಮಾತ್ರ ಇರಲಿಲ್ಲ. ಸಾಲಿನ ಕೊನೆಗೆ 0 ಹಾಕಿ ಮುಗಿಸಬೇಕು. ಮೊದಲ ದಿನ ಮರೆತೆ, ಆಮೇಲೆ ಟೈಪ್ ಮಾಡಿದ್ದೆಲ್ಲ ಕೆಂಪೋ ಕೆಂಪು!

ಚೆಂದ ಕಾಣಲಿ ಅಂತ ಪದಗಳನ್ನೇ ತೆಗೆದುಬಿಟ್ಟೆ. ಬರೀ ಫೈಲಿನ ಹೆಸರು. ಹಸಿರಾದರೆ ಬ್ಯಾಕಪ್ ಆಗಿದೆ, ಕೆಂಪಾದರೆ ಇಲ್ಲ.

ದಿನಾ ಬೆಳಿಗ್ಗೆ ಅದನ್ನು ನೋಡುವ ಕೆಲಸ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ಹೊಸ ಹುಡುಗನದು. ಒಂದು ದಿನ ಗ್ರಾಹಕರೊಬ್ಬರ ಬಿಲ್ಲಿನ ಲೆಕ್ಕ ಹಾಳಾಯಿತು. ನೋಡಿದರೆ ಮೂರು ದಿನದಿಂದ ಬ್ಯಾಕಪ್ಪೇ ಇಲ್ಲ. ಮೂರೂ ದಿನ ಕೆಂಪು ಬಂದಿತ್ತು, ಇವನು "ಎಲ್ಲ ಸರಿ ಇದೆ" ಅಂತ ಬರೆದಿದ್ದ. "ಕಣ್ಣು ಎಲ್ಲಿಟ್ಟಿದ್ದೆ?" ಅಂತ ಎಲ್ಲರೆದುರು ಬೈದೆ. ತಲೆ ತಗ್ಗಿಸಿ ನಿಂತ.

ಕಾಗದದ ಬಿಲ್ಲು ಹುಡುಕಿ ಮತ್ತೆ ಟೈಪ್ ಮಾಡಲು ಇಬ್ಬರೂ ಸಂಜೆಯವರೆಗೆ ಕೂತೆವು. ಮಿಕ್ಕವರು ಹೋದ ಮೇಲೆ ಹೇಳಿದ: "ಅಕ್ಕ, ನನಗೆ ಅವೆರಡೂ ಒಂದೇ ಥರ ಕಾಣೋದು. ಹೇಳಿದ್ರೆ ಕೆಲಸ ಹೋಗುತ್ತೇನೋ ಅಂತ ಸುಮ್ನಿದ್ದೆ. ಯಾರಿಗೂ ಹೇಳ್ಬೇಡಿ."

ಗುಬ್ಬಿಯ ತಾತ ನೆನಪಾದರು, ಅಮ್ಮನ ಅಪ್ಪ. ಹಿತ್ತಲಲ್ಲಿ ಹಣ್ಣಾದ ಮೆಣಸಿನಕಾಯಿ ಬಿಡಿಸಿ ಅಂದರೆ ಹಸಿರುಕಾಯನ್ನೂ ಕಿತ್ತು ತರೋರು. ನಾವು ಮಕ್ಕಳು ಬಿದ್ದು ಬಿದ್ದು ನಗ್ತಿದ್ವಿ. ಈ ಬಣ್ಣಗುರುಡು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತೆ ಅಂತ ಪಿಯುಸಿಯಲ್ಲಿ ಬರೆದು ಅಂಕ ಕೂಡ ತಗೊಂಡಿದ್ದೆ. ತಾತನಿಗೂ ಅದೇ ಇತ್ತೇನೋ ಅಂತ ಅವತ್ತಿನವರೆಗೂ ಹೊಳೆದಿರಲಿಲ್ಲ.

ಅವತ್ತೇ ಸ್ಕ್ರಿಪ್ಟ್ ತಿದ್ದಿದೆ. ಈಗ ಪ್ರತಿ ಹೆಸರಿನ ಮುಂದೆ "ಆಗಿದೆ" ಅಥವಾ ದಪ್ಪಕ್ಷರದಲ್ಲಿ "ಆಗಿಲ್ಲ" ಅಂತ ಬರುತ್ತೆ. ಬಣ್ಣವೂ ಇದೆ, ಇರಲಿ. ಆದರೆ ಎಲ್ಲರೆದುರು ಬೈದವಳು ಎಲ್ಲರೆದುರು ಕ್ಷಮೆ ಕೇಳೋ ಹಾಗಿರಲಿಲ್ಲ. ಕೇಳಿದರೆ ಅವನ ಗುಟ್ಟು ಬಯಲಾಗುತ್ತಿತ್ತು.

ಇದನ್ನು ಕಳಿಸುವ ಮುಂಚೆ ಅವನಿಗೇ ಓದಲು ಕೊಟ್ಟೆ. "ಆಫೀಸಿನವರಿಗೂ ಗೊತ್ತಾಗ್ಲಿ ಬಿಡಿ ಅಕ್ಕ, ಹೆಸರು ಬೇಡ ಅಷ್ಟೆ," ಅಂದ. ಆಮೇಲೆ, ನಾನು ಹಸಿರಿಗೆ 33 ಅಂತ ಬರೆದಿದ್ದನ್ನು 32 ಅಂತ ತಿದ್ದಿಕೊಟ್ಟ.