ಮಾಮಾನ ಫೋನು



ನಮ್ಮ ಮಾಮಾ ಪೊಲೀಸ್. ಮೊದಲು ಅವರು ಮನೆಗೆ ಬಂದರೆ ಕಳ್ಳತನ, ಬದುವಿನ ಜಗಳ, ಜಾತ್ರೆ ಬಂದೋಬಸ್ತು ಇವೇ ಮಾತು. 2020ನೇ ಇಸವಿ ಮಾರ್ಚ್ 25ರಿಂದ ಕೊರೊನಾ ಸಲುವಾಗಿ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಆಗ ಮಾಮಾನ ಡ್ಯೂಟಿ ನಮ್ಮೂರ ಕ್ರಾಸಿನಲ್ಲೇ ಬಿತ್ತು. ಅವ್ವ ದಿನಾ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಅಪ್ಪನ ಸಂಗಡ ನಾನೂ ಹೋಗುತ್ತಿದ್ದೆ. ದೂರದಲ್ಲಿ ಬುತ್ತಿ ಇಟ್ಟು ಬರುವುದು.

ಮಾಮಾ ಉಣ್ಣುವಾಗಲೂ ಫೋನು ಬರುತ್ತಿತ್ತು. "ಮನ್ಯಾಗ ಎಲ್ಲಾರೂ ಇರ್ತಾರ, ಕಳ್ಳರು ಎಲ್ಲಿ ಬರ್ತಾರೋ? ಈಗ ಬ್ಯಾರೆನ ಕೇಳ್ತಾರ" ಅಂದರು. ಒಬ್ಬರಿಗೆ ಶುಗರ್ ಗುಳಿಗೆ ಬೇಕು. ಒಬ್ಬರಿಗೆ ಮಣ್ಣಿಗೆ ಹೋಗಲು ಪಾಸು ಬೇಕು. ಒಬ್ಬ ಅಕ್ಕ ಗಂಡ ಹೊಡೀತಾನೆ, ತವರಿಗೆ ಹೋಗಲು ಬಸ್ಸಿಲ್ಲ ಎಂದು ಅತ್ತಳಂತೆ. ಎಲ್ಲಕ್ಕಿಂತ ಹೆಚ್ಚು ಫೋನು ಒಂದೇ: "ಬಾಜೂ ಮನಿಗೆ ಹೊರಗಿನವರು ಬಂದಾರ, ಬಂದು ನೋಡ್ರಿ."

ಅಂಥ ಒಂದು ಮಾತು ನಾನೂ ಹೇಳಿದೆ. ಮೇ ತಿಂಗಳಲ್ಲಿ ನನ್ನ ಗೆಳೆಯನ ಮನೆಯವರು ಮುಂಬೈಗೆ ಗುಳೆ ಹೋದವರು ರಾತ್ರಿ ನಡೆದುಕೊಂಡು ಊರಿಗೆ ಬಂದರು. ನಾನು ಕಿಟಕಿಯಿಂದ ನೋಡಿದೆ. ಬೆಳಿಗ್ಗೆ ರೊಟ್ಟಿ ಕೊಡಲು ಹೋದಾಗ ಮಾಮಾಗೆ ಹೇಳಿಬಿಟ್ಟೆ. ಮಾಮಾ "ಶಾಣ್ಯಾ" ಅಂದರು. ನನಗೆ ಬಹಳ ಖುಷಿ ಆಯಿತು.

ಆ ದಿನವೇ ಆಶಾ ಅಕ್ಕ ಮತ್ತು ಪೊಲೀಸರು ಬಂದು ಅವರನ್ನು ನಮ್ಮ ಇದೇ ಶಾಲೆಯಲ್ಲಿ 14 ದಿನ ಇಟ್ಟರು. ಗೆಳೆಯ ಕಿಟಕಿ ಸರಳು ಹಿಡಿದು ನನ್ನ ಹೆಸರು ಹಿಡಿದು ಕೂಗಿದ. ನಾನು ಓಡಿ ಬಂದೆ. ಊರವರು ಆ ಕಡೆ ನೀರಿನ ಕೊಡವನ್ನೂ ಒಯ್ಯಲಿಲ್ಲ. ಮಾಮಾನೇ ದಿನಾ ಹಾಲು, ಬಿಸ್ಕತ್ತು ಒಯ್ದು ಕೊಟ್ಟರು. ಕಡೆಗೆ ಅವರಿಗೆ ಯಾರಿಗೂ ರೋಗ ಇರಲಿಲ್ಲ.

ಮೊನ್ನೆ ಗುರುಗಳು ಪಾಠದಲ್ಲಿ ಒಂದು ಲೆಕ್ಕ ಹೇಳಿದರು. ಸರ್ಕಾರಿ ಆದೇಶ ಮೀರಿದ ಕೇಸು ದೇಶದಲ್ಲಿ 2019ರಲ್ಲಿ 29,469 ಇದ್ದವು. 2020ರಲ್ಲಿ 6,12,179 ಆದವು. ಆ ವರ್ಷ ಕಳ್ಳತನದ ಕೇಸು ಕಡಿಮೆ ಆದವಂತೆ. ಎಲ್ಲರೂ ಬರೆದುಕೊಂಡರು. ನನಗೆ ಮಾತ್ರ ಆ ಕಿಟಕಿ ನೆನಪಾಯಿತು.

ಹೇಳಿದ್ದು ತಪ್ಪಾ ಎಂದು ಮಾಮಾನನ್ನು ಕೇಳಿದೆ. "ಹೇಳಿದ್ದು ತಪ್ಪಲ್ಲೋ. ರೋಗ ಇದ್ದಿದ್ರ ಊರಿಗೇ ಹಬ್ಬತಿತ್ತು. ಆದ್ರ ನಮಗ ಫೋನ್ ಮಾಡಿದವರು ಬಾಳ ಮಂದಿ, ಅವರಿಗೆ ಒಂದು ತಂಬಿಗಿ ನೀರು ಕೊಟ್ಟವರು ಯಾರೂ ಇಲ್ಲ" ಅಂದರು.

ಆ ಗೆಳೆಯ ಈಗ ನನ್ನ ತರಗತಿಯಲ್ಲೇ ಇದ್ದಾನೆ. ಹೇಳಿದ್ದು ಯಾರು ಎಂದು ಅವನಿಗೆ ಗೊತ್ತಿಲ್ಲ. ಈ ಗೋಡೆ ಪತ್ರಿಕೆಯನ್ನು ಅವನೂ ಓದುತ್ತಾನೆ. ಗೆಳೆಯಾ, ಹೇಳಿದವನು ನಾನೇ. ನೀನು ಕೂಗಿದಾಗ ನಾನು ನಿಲ್ಲಬೇಕಾಗಿತ್ತು. ಸಿಟ್ಟು ಬಂದರೆ ಬೈದುಬಿಡು, ಆದರೆ ಮಾತು ಬಿಡಬೇಡ.

ಇತಿ,
7ನೇ ತರಗತಿಯ ವಿದ್ಯಾರ್ಥಿ