ಕಾಪುವಿನ ದೀಪಸ್ತಂಭದ ಬಳಿ

ಉಡುಪಿಗೆ ಹೋದ ನಾವು ಕಾಪುವಿನ ಕಡಲನ್ನೂ ಕಂಡೆವು. 1901ರ ದೀಪಸ್ತಂಭದ ಬಳಿ, ಮಣಿಪಾಲದಲ್ಲಿ ನೆಲೆಸಿರುವ ತರುಣ ದಂಪತಿಗಳು ಮಗುವಿನೊಡನೆ ಬಂದು ಶರಣೆಂದರು. ಪತಿ ಇಂಜಿನಿಯರು, ಪತ್ನಿ ದಾದಿ. ಜರ್ಮನಿಗೆ ಹೋಗಿ ನೆಲೆಸುವ ಬಯಕೆ. ಕಾರ್ಕಳದ ಮನೆಯಲ್ಲಿ ಒಂಟಿ ತಾಯಿ.

“ಯಾವ ದಾರಿ ಹಿಡಿಯೋಣ, ಗುರುಗಳೇ?”

ನಾವೆಂದೆವು: “ಅಲ್ಲಿ ಉದ್ಯೋಗ ದೊರೆತು, ಸಂಬಳ ನಿಗದಿತ ಮಟ್ಟದಲ್ಲಿದ್ದರೆ ಪದವೀಧರರಿಗೆ ‘ಬ್ಲೂ ಕಾರ್ಡ್’ ಉಂಟು, ಮಡದಿಯೂ ದುಡಿಯಬಹುದು. ದಾದಿಯ ವೃತ್ತಿಗಾದರೋ ಪದವಿಯ ಮಾನ್ಯತೆಯೊಡನೆ ಜರ್ಮನ್ ನುಡಿಯೂ ಬೇಕು. ಬ್ಲೂ ಕಾರ್ಡಿನವರು ಆ ನುಡಿಯನ್ನು ಬಿ-1 ಮಟ್ಟಕ್ಕೆ ಕಲಿತರೆ, 27 ತಿಂಗಳ ಬದಲು 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಹರು. ಆ ನಾಡಿನ ಕಿಟೆಲ್ಲರು ನಮ್ಮ ನುಡಿ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ನೀವೂ ಮೊದಲು ನುಡಿ ಕಲಿಯಿರಿ. ಅಷ್ಟರಲ್ಲಿ ತಾಯಿಯ ಮನಸ್ಸನ್ನೂ ಅರಿಯಿರಿ.”

ದೀಪ ಬೆಳಗಿತು. ಅವರು ಕಾರ್ಕಳದ ದಾರಿ ಹಿಡಿದರು.